ಕೈಗಂಟುವ ಬಿಳಿ

ಮನೆಯಿಂದ, ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಗಿದೆಯಾ? ಸೋದರಮಾವ ಕೊನೆಗೂ ಬಾಯಿಬಿಟ್ಟು ನಿನ್ನ ವಿಳಾಸ ಕೊಟ್ಟರು. ಆರು ವರ್ಷದ ಮೇಲೆ ಇವಳಿಗೆ ಅಣ್ಣನ ನೆನಪಾಯಿತಾ ಎಂದು ಮೂಗು ಮುರಿಯಬೇಡ, ಪೂರ್ತಿ ಓದು.

ನಾನಿನ್ನೂ ಅದೇ ಬಣ್ಣದ ಕಾರ್ಖಾನೆಯಲ್ಲಿ, ಅದೇ ಪರೀಕ್ಷಾ ಕೋಣೆಯಲ್ಲಿದ್ದೇನೆ. ಯಾವ ಮಾಲಿಗೆ ಯಾವ ಗ್ರೇಡಿನ ಬಿಳಿ ಪುಡಿ ಎಂದು ಚೀಟಿ ಬರೆಯುವುದು ಈಗಲೂ ನನ್ನದೇ ಕೆಲಸ. ಪ್ಲಾಸ್ಟಿಕ್ ಬಕೆಟ್ಟಿಗೆ ಗಂಟಾಗದೆ ಬೆರೆಯುವ ಪುಡಿ, ಕೋಣೆಯ ಗೋಡೆಗೆ ಒಳಗಿನ ಪುಡಿ, ಗೇಟು ಕಂಬಿಗಳಿಗೆ ಬಿಸಿಲು ತಡೆಯುವ ಹೊರಗಿನ ಪುಡಿ. ಮೊನ್ನೆ ಹೊಸದಾಗಿ ಸೇರಿದವಳು "ಬಿಳಿ ಅಂದ್ರೆ ಬಿಳಿ ತಾನೇ ಅಕ್ಕಾ?" ಎಂದಳು. ಒಳಗಿನ ಪುಡಿಯೇ ಕಣ್ಣಿಗೆ ಹೆಚ್ಚು ಬೆಳ್ಳಗೆ, ಬಟ್ಟೆಗೆ ಒಂಚೂರು ನೀಲಿ ಹಾಕಿದ ಹಾಗೆ ಕಾಣುತ್ತದೆ. ಅದಕ್ಕೆ ಮರುಳಾಗಿ ಹೊರಗೆ ಬಳಿದರೆ ವರ್ಷದೊಳಗೆ ಸೀಮೆಸುಣ್ಣದಂತೆ ಕೈಗೆ ಬರುತ್ತದೆ ಎಂದು ಅವಳಿಗೆ ಹೇಳಿದೆ.

ಸೇತುವೆಯ ಕಂಬಿ ಹಾಗೇ ಆಯಿತಲ್ಲ. ನಮ್ಮ ಕಾರ್ಖಾನೆಯಲ್ಲಿ ಆ ಬಣ್ಣ ಕಲೆಸಿದವನು ನೀನು. ಯಾವ ಪುಡಿ ಎಂದು ಬರೆದಿದ್ದ ಚೀಟಿ ಸಿಗಲಿಲ್ಲ, ಎಲ್ಲರೂ ನಿನ್ನ ಮೇಲೆ ಗೂಬೆ ಕೂರಿಸಿದರು. ಅಮ್ಮನೂ "ಕಣ್ಣಿದ್ದೂ ಕುರುಡನಾದೆಯಲ್ಲೋ" ಎಂದಾಗ ನೀನು ಚಪ್ಪಲಿ ಮೆಟ್ಟಿ ಹೊರಟವನು ತಿರುಗಿ ನೋಡಲಿಲ್ಲ. ಆ ಕಂಬಿಗೆ ಯಾರೂ ಮತ್ತೆ ಬಣ್ಣ ಬಳಿದಿಲ್ಲ. ದಿನಾ ಅದೇ ಸೇತುವೆ ದಾಟಿ ಬರುತ್ತೇನೆ. ಹಿಂದಿನಿಂದ ನಿನ್ನ ಚಪ್ಪಲಿಯ ಸದ್ದು ಕೇಳಿ ತಿರುಗಿದರೆ ಯಾರೂ ಇರುವುದಿಲ್ಲ.

ಹೋದ ತಿಂಗಳು ಒಂದು ಸಂಜೆ ನಮ್ಮ ಬಾಗಿಲ ಮೇಲೆ ಬಿಳಿ ಅಂಗೈ ಗುರುತು ಮೂಡಿತ್ತು. ಅಮ್ಮ ನೋಡಿ, "ಅವನು ಬಂದಿದ್ದ ಕಣೇ, ಒಳಗೆ ಬರೋಕೆ ಮನಸ್ಸಾಗಿಲ್ಲ" ಎಂದಳು. ಅಂದಿನಿಂದ ಬಾಗಿಲು ಒರೆಸಲು ಬಿಡುವುದಿಲ್ಲ, ಚಿಲಕ ಹಾಕಲೂ ಬಿಡುವುದಿಲ್ಲ. ಆ ಗುರುತಿನ ಮುಂದೆ ನಿಂತು "ತಪ್ಪಾಯ್ತು ಕಣಪ್ಪಾ" ಎನ್ನುತ್ತಾಳೆ. ನನಗೆ ನಮ್ಮ ಮನೆಗೇ ಕಾಲಿಡಲು ಭಯವಾಗುತ್ತದೆ ಅಣ್ಣಾ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆನ್ನಿನ ಮೇಲೆ ಭಾರ ಹೊರಬೇಡ. ಅಮ್ಮನ ಆಶೀರ್ವಾದ ನೀನು ಕೇಳದಿದ್ದರೂ ಇದ್ದೇ ಇದೆ.

ನೀನೇ ಹೆಸರಿಟ್ಟ,
ಬಾಯಿಬಡುಕಿ

ಲಕೋಟೆ ಅಂಟಿಸುವ ಮೊದಲು ಇಷ್ಟು: ಆ ಚೀಟಿ ಕಳೆದಿರಲಿಲ್ಲ. ಒಳಗಿನ ಪುಡಿ ಎಂದು ಬರೆದವಳು ನಾನೇ, ಹೆದರಿ ಹರಿದು ಹಾಕಿದವಳೂ ನಾನೇ. ನಾಳೆ ಮ್ಯಾನೇಜರ್ ಮುಂದೆ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ. ಬಾಗಿಲ ಮೇಲಿನ ಕೈಯೂ ನನ್ನದೇ. ಆವತ್ತು ಕಂಬಿ ಹಿಡಿದು ಅತ್ತು, ಹಾಗೇ ಬಂದು ಬಾಗಿಲು ನೂಕಿದ್ದೆ. ಇದೊಂದನ್ನು ಮಾತ್ರ ಅಮ್ಮನಿಗೆ ಹೇಳಲು ನನ್ನಿಂದಾಗದು. ಚಿಲಕ ಹಾಕಿಲ್ಲ, ಬಾ.