ಟ್ಯಾನ್ಸಿಯ ಬಟ್ಟಲು

7, ಚ್ಯಾಪೆಲ್ ಸಾಲು,
ಹ್ಯಾಗ್‌ಬರ್ನ್, ಡರ್ಹಮ್.
ಸೋಮವಾರ, 13 ಫೆಬ್ರವರಿ 1978

ವಿಲ್ಫ್,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಕಾಗದ ಗಲೀಜಾಯಿತು. ಈಗ ಹೊಸ ಹಾಳೆ ತೆಗೆದು ಬರೀ ಹೆಸರು ಹಾಕಿದ್ದೇನೆ. ಕೋಪವಿದ್ದರೆ ಇರಲಿ, ಆದರೆ ಕೊನೆಯವರೆಗೆ ಓದು. ನೋರಾಳ ಕೈಗೆ ಮಾತ್ರ ಕೊಡಬೇಡ. ನಿನ್ನ ತಂಗಿ ಓದಿದರೆ ಸೀಹ್ಯಾಮ್ ಊರಿಗೆಲ್ಲ ಡಂಗುರ ಹೊಡೆದಂತೆ.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಫೆರೆಟ್ ಮರಿ ಟ್ಯಾನ್ಸಿ ಚೆನ್ನಾಗಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಮೇಜಿನ ಕೆಳಗಿನಿಂದ ನನ್ನ ಒಂದು ಚಪ್ಪಲಿ ಕದ್ದು ಎಳೆದುಕೊಂಡು ಹೋಗುತ್ತಿದ್ದಾಳೆ. ಹೊಸ ವರ್ಷದ ವಾರ ಬರೆದ ಕಾಗದದಲ್ಲೂ ಅವಳು ಚೆನ್ನಾಗಿದ್ದಾಳೆ ಎಂದೇ ಬರೆದಿದ್ದೆ. ಅದು ಸುಳ್ಳು. ಆಗ ಚೆನ್ನಾಗಿರಲಿಲ್ಲ, ಈಗ ಇದ್ದಾಳೆ. ನಡುವೆ ಏನಾಯಿತು ಎಂದು ಹೇಳುವುದಕ್ಕೇ ಕೂತಿದ್ದೇನೆ. ಓದಿದ ಮೇಲೆ ನೀನು ಮನೆಗೆ ಬರುತ್ತೀಯೋ, ಇಲ್ಲ ಅವಳನ್ನು ಬುಟ್ಟಿಗೆ ಹಾಕಿ ಕಳಿಸಿಬಿಡು ಎನ್ನುತ್ತೀಯೋ, ಅದು ನಿನಗೆ ಬಿಟ್ಟದ್ದು.

ಹೊಸ ವರ್ಷದ ಮಾರನೆಯ ದಿನ ಅವಳ ಹಿಂಗಾಲು ಎಳೆಯತೊಡಗಿತು. ನಮ್ಮ ಹಳೆಯ ಫೆರೆಟ್ ಜೂಡಿಗೆ ಸಾಯುವ ಮುಂಚೆ ಆದ ಹಾಗೆಯೇ. ನೀವೆಲ್ಲ ‘ತೂರಾಟ’ ಎನ್ನುತ್ತೀರಲ್ಲ, ಅದೇ. ಮುಂದಿನ ಎರಡು ಕಾಲು ಅಡುಗೆಮನೆಯ ಕಡೆ ಹೋದರೆ ಹಿಂದಿನ ಎರಡು ಕುಡಿದವನ ಹಾಗೆ ಗೋಡೆ ಹಿಡಿಯುತ್ತಿದ್ದವು. ಒಂಬತ್ತು ತಿಂಗಳ ಕೂಸು! ಹಿತ್ತಲ ಗೋಡೆಯಾಚೆಯಿಂದ ಸೆಪ್ ಲೇಡ್ಲರ್ ಇಣುಕಿ ನೋಡಿದ. ಇಷ್ಟು ವರ್ಷ ನಿನ್ನ ಜೊತೆ ಮೊಲದ ಬೇಟೆಗೆ ಹೋದವನು, ಅವನಿಗಿಂತ ತಿಳಿದವರು ಯಾರು ಎಂದು ನಾನೇ ಕರೆದಿದ್ದೆ. “ತೂರಾಟ ಬಂತು ಅಂದ್ರೆ ಮುಗೀತು ಹೆಟ್ಟಿ,” ಎಂದ. “ಈ ಫೆರೆಟ್ ಜಾತಿಗೆ ಆಯಸ್ಸೇ ಅಷ್ಟು. ಮೂರು ವರ್ಷ, ಬಹಳ ಅಂದ್ರೆ ನಾಲ್ಕು. ಇದಕ್ಕೆ ಒಂದೂ ತುಂಬ್ಲಿಲ್ಲ, ಪಾಪ. ವಿಲ್ಫ್‌ಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?”

ಯಾರೂ ಹೇಳಬೇಕಾಗಿಲ್ಲ ಎಂದು ಅವನನ್ನು ಓಡಿಸಿ, ಟ್ಯಾನ್ಸಿಯನ್ನು ಬುಟ್ಟಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಹೌದು, ಪೇಟೆಯ ಪಶುವೈದ್ಯರ ಹತ್ತಿರ. ಫೆರೆಟ್ಟಿಗೆ ಡಾಕ್ಟರು ಯಾಕೆ ಎಂದು ನೀನು ನಗುತ್ತೀಯ, ಗೊತ್ತು. ಮುಂಗುಸಿಯಂಥ ಈ ಪ್ರಾಣಿಗೂ ಡಾಕ್ಟರಾ ಎಂದು ಬಸ್ಸಿನಲ್ಲೂ ನಕ್ಕರು.

ಡಾಕ್ಟರು ಅಂದರೆ ಒಬ್ಬ ಹುಡುಗಿ, ಮಿಸ್ ಪೆಂಬರ್ಟನ್. ಕೈ ತೊಳೆದುಕೊಳ್ಳುತ್ತಾ “ಏನು ತಿನ್ನಿಸ್ತೀರಿ?” ಎಂದಳು. ಬಿಸಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಮೇಲೊಂದು ಚಿಟಿಕೆ ಸಕ್ಕರೆ ಎಂದೆ, ಹೆಮ್ಮೆಯಿಂದಲೇ. ಬೇರೆ ಏನು ಎಂದಳು. “ಬೇರೆ ಏನೂ ಇಲ್ಲಮ್ಮ. ನಮ್ಮ ಮಾವ, ಅವರಪ್ಪ, ಎಲ್ಲರೂ ಇದನ್ನೇ ಕೊಟ್ಟಿದ್ದು. ಹಸಿ ಮಾಂಸ ಕೊಟ್ರೆ ರಕ್ತದ ರುಚಿ ಹತ್ತಿ ಕೈ ಕಚ್ತವೆ. ಬಿಲಕ್ಕೆ ಬಿಟ್ರೆ ಮೊಲ ಹೊರಗೆ ಓಡಿಸೋದು ಬಿಟ್ಟು, ಅಲ್ಲೇ ತಿಂದು ಅಲ್ಲೇ ಮಲಗಿಬಿಡ್ತವೆ,” ಎಂದು ನಿನ್ನ ಬಾಯಿಪಾಠವನ್ನೆಲ್ಲ ಒಪ್ಪಿಸಿದೆ.

ಅವಳು ನಗಲಿಲ್ಲ. ಟ್ಯಾನ್ಸಿಯ ಬಾಯಿ ಅಗಲಿಸಿ ಹಲ್ಲು ತೋರಿಸಿದಳು. “ಇದು ಬ್ರೆಡ್ಡು ತಿನ್ನೋ ಹಲ್ಲಾ, ನೀವೇ ಹೇಳಿ ಮಿಸೆಸ್ ಟಿಂಡೇಲ್. ಇದರ ಮೂಳೆಗೆ ಏನೂ ಸಿಕ್ತಿಲ್ಲ. ಹಸಿ ಮಾಂಸ ಕೊಡಿ, ಮೂಳೆ ಸಮೇತ, ಗುಂಡಿಗೆ ಈಲಿ ಸಮೇತ. ಹಾಲುಬ್ರೆಡ್ಡೇ ಮುಂದುವರಿಸಿದ್ರೆ ಈ ತಿಂಗಳು ದಾಟೋದು ಕಷ್ಟ.”

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಮೈಯೆಲ್ಲ ಉರಿ. ನೆನ್ನೆ ಮೊನ್ನೆ ಓದು ಮುಗಿಸಿ ಬಂದವಳು ನಮಗೆ ಹೇಳಿಕೊಡುತ್ತಾಳಂತೆ! ಮನೆಗೆ ಬಂದು ಗೂಡಿನ ಬಾಗಿಲು ತೆಗೆದರೆ ಒಳಗಡೆ ಸೀಮೆಸುಣ್ಣದಲ್ಲಿ ನೀನು ಬರೆದದ್ದು ಕಣ್ಣಿಗೆ ಬಿತ್ತು. ‘ಹಾಲು. ಬ್ರೆಡ್ಡು. ಬೇರೇನೂ ಕೂಡದು.’ ಮನೆ ಬಿಟ್ಟು ಹೋಗುವ ದಿನ ಅದರ ಮೇಲೆ ಇನ್ನೊಂದು ಸಲ ದಪ್ಪವಾಗಿ ತಿದ್ದಿ, ನನ್ನ ಮುಖ ನೋಡಿ ಹೋದೆ, ನೆನಪಿದೆಯಾ? ನಾನು ಆ ಬಾಗಿಲನ್ನು ಮುಚ್ಚಿ ಮಾಂಸದಂಗಡಿಗೆ ಹೋದೆ.

ಮೊಲದ ಖೀಮಾ ಮಾಡಿಸಿ ತಂದೆ. ಮೊದಲ ದಿನ ಬಟ್ಟಲಿನಲ್ಲಿ ಒಂದು ಚಮಚ ಮಾಂಸ, ಉಳಿದದ್ದು ಹಾಲುಬ್ರೆಡ್ಡು. ದಿನಕ್ಕೆ ಒಂದೊಂದು ಚಮಚ ಇದನ್ನು ಏರಿಸಿ ಅದನ್ನು ಇಳಿಸಬೇಕು ಎಂದು ಡಾಕ್ಟರಮ್ಮನ ಆಜ್ಞೆ. ಆದರೆ ನಿನ್ನ ಮುದ್ದಿನ ಮಗಳು ಸಾಮಾನ್ಯಳೇ? ಬ್ರೆಡ್ಡನ್ನು ಹೆಕ್ಕಿ ಹೆಕ್ಕಿ ತಿಂದು, ಹಾಲು ನೆಕ್ಕಿ, ಮಾಂಸವನ್ನು ಬಟ್ಟಲಿನ ಅಂಚಿಗೆ ಸಾಲಾಗಿ ಜೋಡಿಸಿ ಇಡುತ್ತಿದ್ದಳು. ಸೆಪ್ ದಿನಾ ಗೋಡೆ ಮೇಲೆ ಮೊಣಕೈ ಊರಿ, “ಏನು ಹೆಟ್ಟಿ, ಹತ್ತು ಬೆರಳೂ ಇದಾವಾ? ಎಣಿಸಿ ತೋರ್ಸು ನೋಡೋಣ,” ಎನ್ನುತ್ತಿದ್ದ. ಅವನ ಹಲ್ಲು ಉದುರಿಸಬೇಕೆನ್ನಿಸುತ್ತಿತ್ತು, ಆದರೆ ಅವನಿಗೆ ಉಳಿದಿರುವುದೇ ನಾಲ್ಕು.

ಆರನೆಯ ದಿನ ಅರ್ಧಕ್ಕರ್ಧ ಮಾಂಸ ಹಾಕಿದೆ. ಬಟ್ಟಲು ಖಾಲಿ! ಏಳನೆಯ ದಿನ ಬರೀ ಮಾಂಸ. ಅದೂ ಖಾಲಿ, ತೊಳೆದಿಟ್ಟ ಹಾಗೆ! ನಾನು ಸೆಪ್‌ನನ್ನು ಕೂಗಿ ಕರೆದು ಬಟ್ಟಲು ಬೋರಲು ಹಿಡಿದು ತೋರಿಸಿದೆ. “ಹೋಗು, ಹೋಗಿ ನಿನ್ನ ತೂರಾಟಕ್ಕೆ ಹೇಳು,” ಎಂದೆ. ನಾಲ್ಕು ದಿನ ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡಿದೆ.

ಐದನೆಯ ದಿನ ಅವಳನ್ನು ಎತ್ತಿಕೊಂಡರೆ ಕೈಗೆ ಭಾರವೇ ಇಲ್ಲ. ಹಿಟ್ಟು ತೂಗುವ ತಕ್ಕಡಿಯಲ್ಲಿ ಕೂರಿಸಿದೆ, ಇನ್ನೂ ಇಳಿದಿದ್ದಳು. ಆಮೇಲೆ ವಾಸನೆ ಬಂತು. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಒಲೆ ಪಕ್ಕದ ನಿನ್ನ ಕುರ್ಚಿಯನ್ನು ಬೋರಲು ಮಾಡಿದೆ. ಅಡಿಯ ಬಟ್ಟೆ ಹರಿದು, ಒಳಗೆ ಸ್ಪ್ರಿಂಗುಗಳ ನಡುವೆ ಐದಾರು ದಿನದ ಮಾಂಸವೆಲ್ಲ ಗುಡ್ಡೆ ಹಾಕಿದ್ದಳು. ಒಂದು ಚೂರೂ ತಿಂದಿರಲಿಲ್ಲ. ಬಚ್ಚಿಡುವುದು ಅವಳ ರಕ್ತದಲ್ಲಿ ಇತ್ತು, ಅದು ಊಟ ಎನ್ನುವುದು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮರಿಯಾಗಿದ್ದಾಗ ಏನು ಕೊಟ್ಟೆವೋ ಅದನ್ನೇ ಊಟ ಎಂದು ನಂಬಿ, ಎದುರಿಗೆ ಮಾಂಸ ಇಟ್ಟುಕೊಂಡು ಹಸಿವಿನಲ್ಲಿ ಸಾಯುತ್ತಿದ್ದಳು, ವಿಲ್ಫ್. ನಾನು ಖಾಲಿ ಬಟ್ಟಲು ತೋರಿಸಿ ಜಂಬ ಕೊಚ್ಚುತ್ತಿದ್ದೆ.

ಆ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಒಂದಕ್ಕೆ ಈಲಿ ಕೊಟ್ಟು ಕೊಂದೆ, ಇನ್ನೊಂದಕ್ಕೆ ಖೀಮಾ ಕೊಟ್ಟು ಕೊಲ್ಲುತ್ತಿದ್ದೇನೆ ಎಂದು ಅತ್ತೆ.

ಹೌದು, ಈಲಿ. ನೀನು ಸರಿಯಾಗಿಯೇ ಓದಿದೆ.

ಜೂಡಿ ಸಾಯುವ ಮೂರು ದಿನ ಮುಂಚೆ ಮೊಲ ಕೊಯ್ಯುತ್ತಿದ್ದಾಗ, ಈಲಿಯ ಒಂದು ಚೂರು ಅವಳಿಗೆ ಕೊಟ್ಟೆ. ನಡೆಯಲಾರದೆ ತೆವಳಿಕೊಂಡು ನನ್ನ ಕಾಲ ಹತ್ತಿರ ಬಂದಿದ್ದಳು. ಬಿಲದಲ್ಲಿ ಕದ್ದು ರುಚಿ ಕಂಡವಳಲ್ಲವೇ, ಗಬಗಬ ತಿಂದಳು. ಅವಳ ಬಿಳಿ ಗದ್ದದ ಮೇಲೆ ರಕ್ತ ನೋಡಿ ನೀನು ಕೇಳಿದೆ, ಏನು ತಿನ್ನಿಸಿದೆ ಎಂದು. ಏನೂ ಇಲ್ಲ ಎಂದೆ. ಸತ್ತ ದಿನ ನೀನು ಮತ್ತೆ ಕೇಳಿದೆ. ನಾನು ಮತ್ತೆ ಏನೂ ಇಲ್ಲ ಎಂದೆ. “ನನ್ನ ಕಣ್ಣೆದುರಿಗೇ ಸುಳ್ಳು ಹೇಳ್ತೀಯಲ್ಲೇ,” ಎಂದು ನೀನು ಕೋಟು ತೆಗೆದುಕೊಂಡೆ. ಒಂದು ಪ್ರಾಣಿಗೋಸ್ಕರ ಹೆಂಡತಿಯನ್ನು ಬಿಟ್ಟು ಹೋದ ಎಂದು ನಾನು ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಹೋದದ್ದು ಪ್ರಾಣಿಗೋಸ್ಕರ ಅಲ್ಲ ಎಂದು ನನಗೆ ಆಗಲೂ ಗೊತ್ತಿತ್ತು.

ಸುಳ್ಳು ಯಾಕೆ ಹೇಳಿದೆ ಎಂದರೆ, ನಾನೇ ಕೊಂದೆ ಎಂದು ನನಗೂ ಅನ್ನಿಸಿತ್ತು. ಭಯವಾಯಿತು. ಅಷ್ಟೇ.

ಮಾರನೆಯ ದಿನ ಮತ್ತೆ ಬಸ್ಸು ಹತ್ತಿ ಡಾಕ್ಟರಮ್ಮನ ಹತ್ತಿರ ಹೋದೆ. ಟ್ಯಾನ್ಸಿಯ ವಿಷಯ ಮುಗಿದ ಮೇಲೂ ಕುರ್ಚಿಯಿಂದ ಏಳಲಿಲ್ಲ. ಜೂಡಿಯ ಕಥೆ ಎಲ್ಲ ಹೇಳಿದೆ. ಈಲಿಯಿಂದಲೇ ಸತ್ತಳಾ ಎಂದು ಕೇಳಿದೆ. “ಈಲಿಯಿಂದ ಅಲ್ಲ. ಅದು ಅವಳಿಗೆ ತಡವಾಗಿ ಸಿಕ್ತು,” ಎಂದಳು. ಆಮೇಲೆ, ನಿಮ್ಮ ಮನೆಯಲ್ಲಿ ಇವು ಎಷ್ಟು ವರ್ಷ ಬದುಕುತ್ತವೆ ಎಂದು ಕೇಳಿದಳು. ಮೂರು, ನಾಲ್ಕು ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿದಳು. “ಎಂಟು ವರ್ಷ ಬದುಕ್ತವೆ ಮಿಸೆಸ್ ಟಿಂಡೇಲ್. ಚೆನ್ನಾಗಿ ನೋಡ್ಕೊಂಡ್ರೆ ಹತ್ತು.”

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಗೆಲ್ಲುವುದಕ್ಕೆ ಬರೆಯುತ್ತಿಲ್ಲ, ನಿನ್ನಾಣೆ. ಹಿತ್ತಲ ರುಬಾರ್ಬ್ ಗಿಡಗಳ ಪಾತಿಯ ಕೆಳಗೆ ನಾವು ಹೂತ ಫೆರೆಟ್‌ಗಳು ಏಳು ಇವೆ. ಒಂದೊಂದಕ್ಕೂ ನೀನೇ ಪೆಟ್ಟಿಗೆ ಮಾಡಿದೆ, ಒಂದೊಂದು ಸಲವೂ ಊಟ ಬಿಟ್ಟೆ. ಆ ಏಳಕ್ಕೂ ನೀನು ಕೆಟ್ಟದ್ದು ಮಾಡಲಿಲ್ಲ. ನಿನ್ನಪ್ಪ ಕೈಗೆ ಕೊಟ್ಟದ್ದನ್ನು ನೀನು ನಂಬಿದೆ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಹಾಲು ಕಾಯಿಸಿ, ಬ್ರೆಡ್ಡು ಮುರಿದು ಹಾಕಿದ ಕೈ ಯಾವುದು? ನನ್ನದು. ಹಾಗಾಗಿ ಇದು ನಿನ್ನೊಬ್ಬನ ತಲೆಯ ಮೇಲೆ ಬೀಳುವುದಲ್ಲ. ಓದಿ ಎದ್ದು ಒಬ್ಬನೇ ಸಮುದ್ರದ ಕಡೆ ಹೋಗಿ ನಿಲ್ಲಬೇಡ. ನೋರಾಗೆ ಚಹಾ ಮಾಡಲು ಹೇಳಿ, ಕುಡಿದು, ಮುಂದಕ್ಕೆ ಓದು.

ಟ್ಯಾನ್ಸಿಗೆ ಹೇಗೆ ಕಲಿಸಿದೆ ಎಂದರೆ, ಬಟ್ಟಲನ್ನೇ ತೆಗೆದಿಟ್ಟೆ. ಬಚ್ಚಿಡಲು ಏನೂ ಸಿಗಬಾರದು. ಮೊಲದ ಈಲಿಯನ್ನು ಅರೆದು, ಉಗುರು ಬೆಚ್ಚಗೆ ಮಾಡಿ, ಎರಡು ಹನಿ ಹಾಲು ಬೆರೆಸಿ, ನನ್ನ ಬೆರಳಿಗೆ ಹಚ್ಚಿಕೊಂಡು ಅವಳ ತುಟಿಗೆ ಸವರುವುದು. ಅವಳು ಒರೆಸಿಕೊಳ್ಳುವುದಕ್ಕೆಂದು ನೆಕ್ಕುತ್ತಾಳೆ. ಮತ್ತೆ ಸವರುವುದು. ಗಂಟೆಗೊಂದು ಸಲ, ದಿನವಿಡೀ. ರಕ್ತದ ವಾಸನೆಯ ಬೆರಳನ್ನು ಆ ಹಲ್ಲಿನ ಹತ್ತಿರ ಒಯ್ಯುವಾಗ ನಿನ್ನ ಮಾತೇ ಕಿವಿಯಲ್ಲಿ. ಕಣ್ಣು ಮುಚ್ಚಿಕೊಂಡೇ ಕೈ ಚಾಚುತ್ತಿದ್ದೆ. ಎರಡನೆಯ ದಿನ ಕಚ್ಚಿದಳು, ಹೌದು. ಸ್ವಲ್ಪ. ಕಚ್ಚಿ, ಅದು ನಾನು ಎಂದು ಗೊತ್ತಾಗಿ ಬಿಟ್ಟಳು. ಆಮೇಲೆ ಆ ಬೆರಳನ್ನೇ ನೆಕ್ಕುತ್ತಾ ಕೂತಳು.

ನಾಲ್ಕನೆಯ ದಿನ ಮಧ್ಯಾಹ್ನ ಕೋಳಿ ರೆಕ್ಕೆಯ ತುದಿಯನ್ನು ನೆಲದ ಮೇಲಿಟ್ಟೆ. ಮೂಸಿದಳು. ಎಳೆದುಕೊಂಡು ಹೊರಟಳು, ನಿನ್ನ ಕುರ್ಚಿಯ ಕಡೆಗೇ. ಅಯ್ಯೋ ಮತ್ತೆ ಬಚ್ಚಿಟ್ಟಳು ಎಂದುಕೊಂಡೆ. ದಾರಿಯ ನಡುವೆ ನಿಂತಳು. ಪಕ್ಕದ ಹಲ್ಲಿಗೆ ಕೊಟ್ಟು ಕಟುಂ ಎಂದು ಕಡಿದಳು. ಇಪ್ಪತ್ತೆರಡು ವರ್ಷದಲ್ಲಿ ಈ ಮನೆಯಲ್ಲಿ ಕೇಳದ ಸದ್ದು ಅದು. ಮೂಳೆ ಸಮೇತ ಮುಗಿಸಿ, ಮುಖ ಎತ್ತಿ, ಇನ್ನೂ ಇದೆಯಾ ಎಂಬಂತೆ ನೋಡಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಗೋಡೆ ಹತ್ತಿರ ಓಡಿ ಸೆಪ್‌ನನ್ನು ಕೂಗಿದೆ, ಅವನು ಮುಖಕ್ಕೆ ಹಚ್ಚಿದ ಸೋಪಿನ ಸಮೇತ ಬಂದ.

ಈಗ ಹಿಂಗಾಲು ನೆಟ್ಟಗಾಗಿದೆ. ಮೊನ್ನೆ ಪರದೆ ಹತ್ತಿ ಕೆಳಗೆ ಹಾರಿದಳು. ಮೈ ಮೇಲಿನ ಕೂದಲು ಹೊಳೆಯುತ್ತಿದೆ. ಯಾರನ್ನೂ ಕಚ್ಚುವುದಿಲ್ಲ, ಸೆಪ್ ಅಂಗೈ ಚಾಚಿ ತಾನೇ ಪರೀಕ್ಷೆ ಮಾಡಿ ಮುಖ ಸಪ್ಪೆ ಮಾಡಿಕೊಂಡ.

ಗೂಡಿನ ಬಾಗಿಲಿನ ಬರಹವನ್ನು ನಾನು ಅಳಿಸಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಎರಡು ಸಲ ಹೋದೆ, ಹಾಗೇ ಬಂದೆ. ಅದು ನಿನ್ನ ಅಕ್ಷರ.

ಸುಳ್ಳು ಹೇಳಿದ್ದಕ್ಕೆ ಕ್ಷಮಿಸು, ವಿಲ್ಫ್. ಈಲಿಗೆ ಕ್ಷಮೆ ಕೇಳುವುದಿಲ್ಲ. ಸುಳ್ಳಿಗೆ ಕೇಳುತ್ತೇನೆ. ಮನೆಯಲ್ಲಿ ನೀನಿಲ್ಲದೆ ನನಗೆ ಚೆನ್ನಾಗಿಲ್ಲ. ಇದನ್ನು ಹೊಸ ವರ್ಷದ ಕಾಗದದಲ್ಲೇ ಬರೆಯಬೇಕಿತ್ತು.

ಕುರ್ಚಿಯ ಅಡಿಗೆ ಹೊಸ ಬಟ್ಟೆ ಹೊಲಿದಿದ್ದೇನೆ.

ಇಂತಿ ನಿನ್ನ ಮೇಲೆ ಸಿಟ್ಟೂ ಅಷ್ಟೇ ಅಕ್ಕರೆಯೂ ಇರುವ
ಹೆಟ್ಟಿ

ತಾ.ಕ.: ಒಂದು ವಿಷಯ ಬಿಟ್ಟೆ. ಇವತ್ತು ಬೆಳಿಗ್ಗೆ ನಿನ್ನ ಬಲೆಗಳನ್ನು ತೆಗೆದುಕೊಂಡು ಸೆಪ್ ಜೊತೆ ರೈಲುದಿಬ್ಬದ ಹಿಂದಿನ ಬಿಲಗಳಿಗೆ ಹೋಗಿದ್ದೆ. ನಾನೇ. ನೀನು ಎಷ್ಟು ಕರೆದರೂ ಒಂದು ದಿನ ಬರದವಳು. ಬಲೆಗಳನ್ನು ಬಿಲದ ಬಾಯಿಗಳಿಗೆ ಹಾಸಿ, ಟ್ಯಾನ್ಸಿಯನ್ನು ಮೊದಲ ಸಲ ಒಳಗೆ ಬಿಟ್ಟೆ. ಎರಡು ಮೊಲ ಹಾರಿ ಬಂದು ಬಲೆಗೆ ಬಿದ್ದವು. ಆದರೆ ಅವಳು ಬರಲಿಲ್ಲ. ಕಾಲು ಗಂಟೆಯಾಯಿತು. “ತಿಂದು ಮಲಗಿದ್ಲು ನೋಡು, ವಿಲ್ಫ್ ಹೇಳಿದ್ದು ಸುಳ್ಳಾ?” ಎಂದ ಸೆಪ್. ನಾನು ಮಂಡಿಯೂರಿ ಬಿಲದೊಳಕ್ಕೆ ಅವಳ ಹೆಸರು ಕೂಗಿದೆ. ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದು ನೆಟ್ಟಗೆ ನನ್ನ ತೋಳೊಳಕ್ಕೆ ನುಗ್ಗಿದಳು.

ಒಂದು ಮೊಲ ಅವಳಿಗಾಯಿತು. ಇನ್ನೊಂದನ್ನು ಉಗ್ರಾಣದಲ್ಲಿ ತೂಗುಹಾಕಿದೆ, ಈ ಚಳಿಗೆ ಗುರುವಾರದವರೆಗೆ ಕೆಡುವುದಿಲ್ಲ. ಅದರ ಈಲಿಯನ್ನು ತೆಗೆದು ತಟ್ಟೆಯಲ್ಲಿ ಮುಚ್ಚಿಟ್ಟಿದ್ದೇನೆ. ಅದನ್ನು ನಾನು ಅವಳಿಗೆ ಕೊಡುವುದಿಲ್ಲ. ನೀನೇ ಬಂದು, ನಿನ್ನ ಕೈಯಾರೆ ಕೊಡು.