ಅಮ್ಮನ ಹೆಸರಲ್ಲಿ ಬಂದ ಸಂದೇಶ

ಅಮ್ಮಾ,

ಸತ್ತವರನ್ನು ಕರೆದು ಮಾತಾಡಿಸುವ ಕೂಟಗಳಲ್ಲಿ ಬಂದ ಸಂದೇಶಗಳನ್ನು ಅಚ್ಚು ಹಾಕುತ್ತಿದ್ದ ನಿನ್ನ ಪುಟ್ಟ ಮಾಸಪತ್ರಿಕೆಯನ್ನು, ನೀನು ಹೋದ ಮೇಲೆ ಇಂಟರ್ನೆಟ್ಟಿಗೆ ಏರಿಸುತ್ತಿದ್ದೇವೆ. ಈಗ ದೂರದೂರದವರೂ ಓದುತ್ತಾರೆ. ಇವತ್ತು ನಿನ್ನ ತಮ್ಮ, ನಮ್ಮ ಪ್ರೆಸ್ ಮಾವ, ಒಂದು ಹಾಳೆ ಹಿಡಿದು ಏದುಸಿರು ಬಿಡುತ್ತ ಬಂದರು.

"ಅಕ್ಕ ಮಾತಾಡಿದಾಳೆ ಕಣೇ! ನಿನ್ನೆ ನಮ್ಮ ಕೂಟದಲ್ಲಿ ಬಂದಿದ್ಳು. ಬೇಗ ಹಾಕು, ಓದುಗರು ಕೇಳಿ ಕೇಳಿ ತಲೆ ತಿಂದಿದಾರೆ."

ಓದಿದೆ. 'ಮುದ್ದು ಮಗಳೇ, ನಾನು ಸುಖವಾಗಿದ್ದೇನೆ. ನಿನ್ನ ಮೇಲೆ ನನಗೆ ಯಾವ ಬೇಸರವೂ ಇಲ್ಲ.' ಇದನ್ನೆಲ್ಲ ನಂಬದ ನಾನು ಆ ಹಾಳೆಯನ್ನು ಕೆಳಗಿಡಲಾರದೆ ಕೂತೆ.

ಆದರೆ ನೀನು ಎಲ್ಲರಿಗೂ ಹೇಳುತ್ತಿದ್ದೆಯಲ್ಲ, "ಬರೀ ಸಿಹಿ ಮಾತಾದ್ರೆ ಅದು ಸತ್ತವರದ್ದಲ್ಲ ಕಣಪ್ಪ, ನಿಮ್ಮ ಆಸೆಯದ್ದು" ಎಂದು. ಅಳುತ್ತ ಬಂದವರದ್ದಾದರೂ ಅಂಥ ಹಾಳೆಯನ್ನು ಅಚ್ಚಿಗೆ ಕೊಡದೆ, ಅವರ ಕೈ ಹಿಡಿದು ಸಂಜೆಯವರೆಗೂ ಕೂತಿರುತ್ತಿದ್ದೆ. ಅಷ್ಟು ಪ್ರಾಮಾಣಿಕವಾಗಿ ನಂಬಿದವರನ್ನು ನಾನು ಬೇರೆ ಕಂಡಿಲ್ಲ.

"ಮಾವ, ಇದು ಅಮ್ಮ ಅಲ್ಲ. ನನ್ನ ಬೈಯದೆ ಅವಳು ಯಾವತ್ತು ಮಾತು ಮುಗಿಸಿದಾಳೆ?"

ಮಾವ ನಗಲು ಹೋಗಿ ಕಣ್ಣೊರೆಸಿಕೊಂಡರು. "ಹಾಗಾದ್ರೆ ಓದುಗರಿಗೆ ಏನು ಹೇಳೋಣ?"

"ಇನ್ನೂ ಬಂದಿಲ್ಲ ಅಂತ ಹಾಕೋಣ. ಕಾಯ್ತಿದೀವಿ ಅಂತಾನೂ ಹಾಕೋಣ."