ಕಾಯಿಲೆಯಿಲ್ಲದ ತಪ್ಪಿಗೆ

ಮಾನ್ಯ ಕುಲಸಚಿವರೇ,

ನಾನು ಆರೋಗ್ಯವಾಗಿದ್ದೇನೆ. ನನ್ನ ದೂರು ಶುರುವಾಗುವುದೇ ಅಲ್ಲಿಂದ. ವೈದ್ಯಕೀಯ ಓದನ್ನು ಎರಡನೇ ವರ್ಷದಲ್ಲಿ ಬಿಟ್ಟು, ಸಸ್ಯವಿಜ್ಞಾನ ವಿಭಾಗದಲ್ಲಿ ಶಿಲೀಂಧ್ರಗಳನ್ನು, ಅಂದರೆ ತಾವು ಬ್ರೆಡ್ಡಿನ ಮೇಲೆ ಕಂಡೊಡನೆ ಬಿಸಾಡುವ ಬೂಷ್ಟನ್ನು, ಓದುತ್ತೇನೆಂದು ಕೇಳಿಕೊಂಡೆ. ತಮ್ಮ ನಿಯಮದ ಪ್ರಕಾರ ವೈದ್ಯಕೀಯ ಸೀಟು ಬಿಡಲು ಇರುವ ಕಾರಣ ಎರಡೇ: ಗಂಭೀರ ಕಾಯಿಲೆ, ಇಲ್ಲವೇ ಸಾವು. ಬೇರೊಂದು ವಿಷಯ ಇಷ್ಟವಾಯಿತು ಎಂಬುದು ಕಾರಣವೇ ಅಲ್ಲವಂತೆ.

ಪರೀಕ್ಷೆಯಲ್ಲಿ ಗಾಜಿನ ತಟ್ಟೆಯ ಮೇಲಿನ ಹಸಿರು ಬೂಷ್ಟನ್ನು ತೋರಿಸಿ, ಇದನ್ನು ಕೊಲ್ಲುವ ಔಷಧಿ ಯಾವುದೆಂದು ಕೇಳಿದ್ದರು. ಅದು ಬದುಕುವ ಬಗೆಯನ್ನು ನಾನು ಎರಡು ಪುಟ ಬರೆದೆ. ಸೊನ್ನೆ ಬಂತು. ಅದಕ್ಕೆ ನನ್ನ ತಕರಾರಿಲ್ಲ. ಇಂಥವಳು ರೋಗಿಗಳಿಂದ ದೂರವಿರುವುದೇ ಅವರಿಗೆ ಮಾಡುವ ಉಪಕಾರವಲ್ಲವೇ? ಆದರೂ ತಾವು ನನ್ನನ್ನು ವೈದ್ಯರ ಮಂಡಳಿಯ ಮುಂದೆ ನಿಲ್ಲಿಸಿದಿರಿ. ಅಲ್ಲಿದ್ದವರೆಲ್ಲ ನನ್ನ ಮೇಷ್ಟ್ರುಗಳೇ. ನಾಡಿ ಹಿಡಿದು, ನಾಲಿಗೆ ನೋಡಿ, "ಗುಂಡುಕಲ್ಲಿನ ಹಾಗಿದ್ದೀಯಲ್ಲಮ್ಮ, ಹೋಗಿ ಓದ್ಕೋ" ಎಂದರು.

ನನ್ನಪ್ಪ ಟೈಲರ್. ನನ್ನ ಬಿಳಿ ಕೋಟನ್ನು ತಾನೇ ಹೊಲಿದು, "ದೊಡ್ಡ ಡಾಕ್ಟ್ರಾದ್ಮೇಲೆ ದಪ್ಪ ಆಗ್ತೀಯ" ಎಂದು ಹೊಲಿಗೆಯ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದ. ಅಳತೆ ಕೊಡಲು ಬಂದವರಿಗೆಲ್ಲ ಮಗಳ ಕಥೆ ಹೇಳದೆ ಟೇಪು ಬಿಚ್ಚುತ್ತಿರಲಿಲ್ಲ. ನಾನು ಬಿಡುತ್ತೇನೆಂದಾಗ ಬಹಳ ದಿನ ಮಾತು ಬಿಟ್ಟ. ಆಮೇಲೊಂದು ದಿನ ಅಂಗಡಿ ಮುಚ್ಚಿ ನನ್ನ ಜೊತೆ ತಮ್ಮ ಕಚೇರಿಗೆ ಬಂದ. ಗುಮಾಸ್ತರು ಅದೇ ನಿಯಮ ಓದಿದರು. ಅಪ್ಪ ಕೈಮುಗಿದು ಹೇಳಿದ: "ಸಾರ್, ನನ್ನ ಮಗಳಿಗೆ ತಲೆ ನೆಟ್ಟಗಿಲ್ಲ. ದಯವಿಟ್ಟು ಬಿಟ್ಬಿಡಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಗುಮಾಸ್ತರು ಎಂದೂ ಇಲ್ಲದ ಚುರುಕಿನಿಂದ ಅದನ್ನು ನನ್ನ ಫೈಲಿನಲ್ಲಿ ಬರೆದುಕೊಂಡರು.

ಫಲ ನೋಡಿ. ವೈದ್ಯರ ಸಹಿಯಿಲ್ಲವೆಂದು ಇಲ್ಲಿ ವೈದ್ಯಕೀಯದಿಂದ ಬಿಡುಗಡೆಯಾಗಲಿಲ್ಲ. ಅಪ್ಪನ ಆ ಮಾತು ಮಾತ್ರ ಸಸ್ಯವಿಜ್ಞಾನ ವಿಭಾಗದವರೆಗೂ ನಡೆದುಹೋಯಿತು. ನನ್ನ ಮನಸ್ಸು ಸ್ಥಿಮಿತದಲ್ಲಿದೆ ಎಂಬ ಪ್ರಮಾಣಪತ್ರ ತಂದರಷ್ಟೇ ಸೇರಿಸಿಕೊಳ್ಳುತ್ತಾರಂತೆ. "ನಮ್ ಕೈಲೇನಿದೆಯಮ್ಮ? ಮೇಲಿಂದ ಬಂದಿದೆ" ಎಂದರು ಅಲ್ಲಿನ ಮುಖ್ಯಸ್ಥರು. ಮೇಲೆ ಅಂದರೆ ತಾವು. ಬಿಡಲು ನಾನು ತೀರಾ ಗಟ್ಟಿ, ಸೇರಲು ತೀರಾ ತಲೆಕೆಟ್ಟವಳು. ನನಗೆ ಯಾವ ಕಾಯಿಲೆ, ಎಷ್ಟು ದಿನ ಬಂದರೆ ತಮಗೆ ಅನುಕೂಲ? ಪ್ರವೇಶ ಈ ವಾರ ಮುಗಿಯುತ್ತದೆ. ನನಗೆ ಇನ್ನಾವ ಬಾಗಿಲೂ ಗೊತ್ತಿಲ್ಲ.

ನನ್ನನ್ನು ಬಿಟ್ಟುಕೊಡಿ. ಅದಾಗದಿದ್ದರೆ, ಅಪ್ಪ ಆಡಿದ ಆ ಒಂದು ಮಾತನ್ನಾದರೂ ಫೈಲಿನಿಂದ ಹೊಡೆದುಹಾಕಿ. ನಿನ್ನೆ ಸಂಜೆ ಬ್ರೆಡ್ಡಿನ ತುಂಡೊಂದನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಕೂತಿದ್ದೆ. ಅಪ್ಪ ಹೊಲಿಗೆ ನಿಲ್ಲಿಸಿ ಬಂದು ನನ್ನ ಮುಖವನ್ನೇ ನೋಡಿದ.

"ಪುಟ್ಟಿ, ನೀನು ನಿಜವಾಗ್ಲೂ ಚೆನ್ನಾಗಿದ್ದೀಯ ತಾನೆ?"

"ಚೆನ್ನಾಗಿದ್ದೀನಪ್ಪ" ಎಂದೆ. ಅವನು ಬ್ರೆಡ್ಡನ್ನೊಮ್ಮೆ ನೋಡಿ, ನನ್ನ ಹಣೆ ಮುಟ್ಟಿ ನೋಡಿ, ಪಕ್ಕದಲ್ಲೇ ಕೂತುಬಿಟ್ಟ. ಮತ್ತೆ ಮಿಷಿನ್ನಿನ ಕಡೆ ಹೋಗಲಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಗಟ್ಟಿಮುಟ್ಟಾಗಿಯೂ ತಲೆಕೆಟ್ಟೂ ಇರುವ
ಟೈಲರ್ ಮಗಳು